ಲಾಭದಿಂದ ಎಣಿಕೆ

ಆರು ತಿಂಗಳ ಹಿಂದೆ ಇದೇ ಮೇಜಿನ ಮೇಲೆ
ದುದ್ದದ ಜವರಮ್ಮನ ಬಲ ಮಣಿಕಟ್ಟಿನೊಳಗಿಂದ
ಕೂದಲೆಳೆಯ ತಂತಿ ತೂರಿ ಬಲೂನು ಉಬ್ಬಿದಾಗ
"ಹದಿನಾಲ್ಕು" ಎಂದು ಒತ್ತಡ ಓದಿದವನು ನಾನೇ.
ಪರದೆಯಲ್ಲಿ ಕಪ್ಪು ಹೊಳೆ ತುಂಬಿ ಹರಿಯಿತು.
ಗೆದ್ದೆವು ಅಂದುಕೊಂಡು ಟೀ ಕುಡಿಯಲು ಹೋದೆವು.

ಮತ್ತೆ ಬಂದಿದ್ದಾಳೆ.
ಬಿತ್ತನೆ ಆಲೂಗಡ್ಡೆ ಕೊಯ್ಯುವ ಕಾಲ, ಬಿಡುವಿಲ್ಲ;
ಹಾಸನದ ಬಸ್‌ಸ್ಟ್ಯಾಂಡಿನ ಮೆಟ್ಟಿಲಲ್ಲಿ ಎದೆ ಹಿಡಕೊಂಡಿತಂತೆ.
ನಾವು ತೆರೆದ ಜಾಗದಲ್ಲೇ
ಹೊಳೆ ನೂಲಾಗಿದೆ.

"ಗುಳಿಗೆ ತಪ್ಪಿಸಿಲ್ಲ ಕಣಪ್ಪ. ಯಾರ ತಪ್ಪು ಹೇಳು."

ಇದು ಕೊಬ್ಬಲ್ಲ ಅಮ್ಮ, ಮಾದ ಗಾಯ.
ಬಲೂನು ಒತ್ತಿದ್ದಕ್ಕೆ ಗೋಡೆ ಬಿರಿಯಿತು,
ಒಳಹಾಸು ಕಿತ್ತುಬಂತು,
ಅಲ್ಲಿ ಅಂಟಿದ ರಕ್ತದ ಚೂರುಗಳು ಕೂಗಿಕೊಂಡವು.
ಗೋಡೆಯ ನಡುವೆ ತೆಪ್ಪಗಿದ್ದ ಕೋಶಗಳ ಮೈಮೇಲೆ
ಕಿವಿಗಳಿರುತ್ತವೆ, ಗ್ರಾಹಕ ಅಂತಾರೆ.

"ಅಂದ್ರೆ ಗಿರಾಕಿ?"

ಹೂಂ, ಕೂಗಿದ ಸರಕಿಗೆ ಓಡಿ ಬರುವ ಗಿರಾಕಿ.
ಎದ್ದವು, ಎರಡಾದವು, ನಾಲ್ಕಾದವು,
ಒಳಕ್ಕೆ ತೆವಳಿ
ತೇಪೆಯ ಮೇಲೆ ತೇಪೆ ಹಾಕಿದವು.
"ಸಾಕು" ಎಂಬ ಮಾತಿಗೂ ಕಿವಿಗಳುಂಟು.
ಆದರೆ ಸಾಕು ಅನ್ನಬೇಕಾದ ಒಳಹಾಸನ್ನೇ
ನಾವು ಕಿತ್ತಿದ್ದೆವಲ್ಲ.

ಅವಳು ಎಡಗೈ ಹೆಬ್ಬೆಟ್ಟು ನೋಡಿಕೊಂಡಳು.
ಕುಡುಗೋಲು ತಾಗಿದ ಗೆರೆ, ಮೆತ್ತಿದ ಬೂದಿ.
"ಕೊಯ್ದ ಗಡ್ಡೇನ ಎರಡು ದಿನ ನೆರಳಲ್ಲಿ ಹರಡ್ತೀವಿ,
ಕುಯ್ದ ಮಕ ತೊಗಲು ಕಟ್ಟಲಿ ಅಂತ.
ಕಟ್ಟದಿದ್ರೆ ಮಣ್ಣಲ್ಲಿ ಕೊಳೀತದೆ.
ಕಟ್ಟಿ ಕಟ್ಟಿ ಕಣ್ಣೇ ಮುಚ್ಚಿಕೊಂಡ ಗಡ್ಡೆ
ನಾನಂತೂ ಕಂಡಿಲ್ಲ.
ಅದಕ್ಕೆ ಗೊತ್ತು, ನನ್ನ ನರಕ್ಕೆ ಗೊತ್ತಿಲ್ವಾ?"

ನಾನು ಓದಿದ್ದು ಡಿಪ್ಲೊಮಾ.
ಸೀಸದ ಅಂಗಿಯ ಪಟ್ಟಿ ಬಿಗಿದುಕೊಂಡೆ.

ಈ ಸಲ ಮದ್ದು ಸವರಿದ ಬಲೂನು.
ಅರ್ಧ ನಿಮಿಷ ಒತ್ತಿ ಹಿಡಿದರೆ ಗೋಡೆಗಿಳಿದು
ಕಿವಿಗೆ ಬಿದ್ದ ಕೂಗು ಕೈಕಾಲಿಗೆ ತಲುಪದಂತೆ ತಡೆಯುತ್ತದೆ.

"ಮೈಯೆಲ್ಲ ಕಿವುಡು ಮಾಡಿಬಿಟ್ಟೀರ.
ಈ ಹೆಬ್ಬೆಟ್ಟು ಮಾಯಬೇಕು,
ಇನ್ನೂ ಮೂರು ಚೀಲ ಬಾಕಿ."

ಅಲ್ಲಿಗಷ್ಟೇ ಅಮ್ಮ, ಅಂದೆ.

ಡಾಕ್ಟರು ತಲೆಯಾಡಿಸಿದರು.
ನಾನು ಮೂವತ್ತರಿಂದ ಕೆಳಕ್ಕೆ ಎಣಿಸತೊಡಗಿದೆ.
ಹಸಿರು ಬಟ್ಟೆಯಡಿ ಅವಳ ತುಟಿಯೂ ಅಲ್ಲಾಡಿತು:
ಒಂದು ಅನ್ನುವ ಕಡೆ ಲಾಭ ಅಂದು,
ಕೊಳಗ ಅಳೆಯುವವರ ಹಾಗೆ,
ಎರಡು, ಮೂರು,
ಮೇಲಕ್ಕೆ.