ಹಗ್ಗಕ್ಕೆ ಎರಡು ಗಂಟು

ಚಿಂತಾಮಣಿ ರಸ್ತೆಯ ಹಳೇ ಗಾಡಿ ಶೆಡ್ಡಿಗೆ
ಸೌದೆ ಬಿಗಿಯುವ ಹಗ್ಗ ಹೆಗಲಿಗೆ ಹಾಕಿಕೊಂಡೇ ಹೋದೆ.
ದಳ್ಳಾಳಿ ಗಂಗುಲಪ್ಪ ನಕ್ಕ:
‘ಏನಕ್ಕಾ, ಹಸು ಹಿಡ್ಕೊಂಡ್ ಹೋಗಾಕ್ ಬಂದ್ಯಾ?’

ನಗಲಿ.
ಹಗ್ಗದಲ್ಲಿ ಎರಡು ಗಂಟಿದ್ದವು.
ಒಂದು, ಅಕ್ಮಲ್ ಪಾಷಾ ಸಾಹೇಬರ ಓಣಿಯ ಬಾಯಿ:
ಇತ್ತ ಚರಂಡಿ ಕಲ್ಲು, ಅತ್ತ ಶಾಮಿಯಾನದವರ ಗೋಡೆ,
ನಡುವೆ ಮೂರು ಮೊಳ, ಮೇಲೊಂದು ಗೇಣು.
ಇನ್ನೊಂದು, ಕೊಳಾಯಿ ಹತ್ತಿರದ ತಿರುವು.
ಅಲ್ಲಿ ಹೆಣವನ್ನೂ ಓರೆ ಮಾಡಿಯೇ ಒಯ್ಯಬೇಕು.

ಶಿಡ್ಲಘಟ್ಟದಲ್ಲಿ ರೇಷ್ಮೆ ನಿಂತಿರುವುದು ನೀರಿನ ಮೇಲೆ,
ನೀರು ಬೆಂಕಿಯ ಮೇಲೆ,
ಬೆಂಕಿ ನನ್ನ ಮೇಲೆ.
ಕೋಳಿ ಕೂಗುವ ಮುಂಚೆ ಒಲೆ ಹೊತ್ತಬೇಕು, ಗೂಡು ಬೇಯಬೇಕು.
ಸೌದೆ ತಡವಾದರೆ ಮೊದಲು ಎಳೆ ಹರಿಯುತ್ತದೆ,
ಆಮೇಲೆ ಸಾಹೇಬರ ನಾಲಿಗೆ.

ನಮ್ಮತ್ತೆ ಬಚ್ಚಮ್ಮ ತಲೆಯಲ್ಲೇ ಹೊತ್ತವಳು.
ಹೋದಾಗ ನೆತ್ತಿಯಲ್ಲಿ ರೂಪಾಯಿಯಗಲ ಕೂದಲಿರಲಿಲ್ಲ.
ಹಣೆಗೆ ಒತ್ತುವ ನಾಣ್ಯವನ್ನು
ಅಲ್ಲಿಟ್ಟಿದ್ದರೆ ಸರಿಯಾಗಿ ಕೂರುತ್ತಿತ್ತು.

ನಾನು ಎಕ್ಸೆಲ್ ಕೊಂಡೆ.
ಹಿಂದೆ ಜಾಲಿ ಹೊರೆ ಬಿಗಿದು ಕೆರೆ ಏರಿ ಹತ್ತುವಾಗ
ಮುಂದಿನ ಚಕ್ರ ಎದ್ದು ಮದುವೆ ಕುದುರೆಯಾಯಿತು.
ನಾನು ಕೆಳಗೆ, ಸೌದೆ ಮೇಲೆ.
ಆವತ್ತು ಹೊರೆಯೇ ನನ್ನ ಸವಾರಿ ಮಾಡಿತು.
ಮೊಣಕೈಯಲ್ಲಿ ಮುರಿದ ಮುಳ್ಳೊಂದು
ಇವತ್ತಿಗೂ ಅಮಾಸೆಗೆ ನೋಯುತ್ತದೆ.

ನಾದಿನಿಯ ಗಂಡ ಟಿಲ್ಲರ್ ಅಂದ:
‘ಉಳೋದೂ ಆಯ್ತು, ಎಳೆಯೋದೂ ಆಯ್ತು.’
ಉಳುವುದಕ್ಕೆ ನೆಲವೆಲ್ಲಿದೆ ಎಂದು ನಾನು ಕೇಳಲಿಲ್ಲ.
ಅದು ಅವನ ಹೆಸರಿನಲ್ಲಿದೆ.
ದ್ಯಾವಪ್ಪ ತನ್ನ ಎತ್ತಿನ ಗಾಡಿ ಬಾಡಿಗೆಗೆ ಕೊಡುತ್ತೇನೆಂದ.
ಎತ್ತಿಗೆ ಮಧ್ಯಾಹ್ನ ನಿದ್ದೆ ಬೇಕು.
ಅವನಿಗೂ.

ಗಂಗುಲಪ್ಪ ನಾಲ್ಕು ಚಕ್ರದ್ದನ್ನು ತೋರಿಸಿದ.
ಹಾಡು ಹಾಕಿದ, ಲೈಟು ಹಾಕಿದ, ಬಾನೆಟ್ಟನ್ನು ಮಗುವಿನ ಬೆನ್ನಿನ ಹಾಗೆ ತಟ್ಟಿದ.
‘ಒಂದು ಟನ್ ಅಂದ್ರೆ ಒಂದು ಟನ್ನೇ ಅಕ್ಕಾ.’
ನಾನು ಹಗ್ಗ ಬಿಚ್ಚಿ ಅದರ ಮೂತಿಗೆ ಹಿಡಿದೆ.
ಕನ್ನಡಿ ಮಡಚಿದರೆ ಮೊದಲ ಗಂಟು ಒಪ್ಪಿತು.
ಉದ್ದಕ್ಕೆ ಹಿಡಿದರೆ ಎರಡನೆಯದು ಒಪ್ಪಲಿಲ್ಲ.

‘ಓಣಿ ಬಾಯಲ್ಲೇ ಇಳಿಸ್ಕಳಿ, ಏನೀಗ?’
ಓಣಿಯ ಬಾಯಿಂದ ಒಲೆಯ ಬಾಯಿಗೆ ನಲವತ್ತು ಹೆಜ್ಜೆ.
ಆ ನಲವತ್ತು ಯಾರ ತಲೆಗೆ ಗಂಗುಲಪ್ಪಾ?
ಲಕ್ಷ ಎಣಿಸಿಕೊಟ್ಟು
ತಿರುಗಿ ಬಚ್ಚಮ್ಮನ ನೆತ್ತಿಗೇ ಬರಲೇ?

ಶೆಡ್ಡಿನ ಹಿಂದೆ, ಹುಣಸೆ ನೆರಳಲ್ಲಿ,
ಮೂರು ಚಕ್ರದ ಲಗೇಜ್ ಆಟೋ ಒಂದಿತ್ತು.
ಬಾಗಿಲಿಲ್ಲ. ತೊಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತ್ತು.
ಹೋದ ವರ್ಷದ ಟೊಮೇಟೊ ಇನ್ನೂ ನಾರುತ್ತಿತ್ತು.
ನಾನು ಹಗ್ಗ ಹಿಡಿದೆ,
ಅಗಲಕ್ಕೆ, ಉದ್ದಕ್ಕೆ, ಮತ್ತೆ ಮೂಲೆಯಿಂದ ಮೂಲೆಗೆ.
ನೆಲದಲ್ಲಿದ್ದ ಕೊರಡೊಂದನ್ನು ಎತ್ತಿ
ಕೋಳಿಗೆ ತಾಗದ ಹಾಗೆ ತೊಟ್ಟಿಗೆ ಕುಕ್ಕಿದೆ.
ತಗಡು ಬೊಬ್ಬೆ ಹೊಡೆಯಿತು, ಬಾಗಲಿಲ್ಲ.
ಕೋಳಿ ಕಣ್ಣು ಬಿಟ್ಟಿತು, ಏಳಲಿಲ್ಲ.
ಸಾಕು ಅಂದೆ, ಇದು ಇರಲಿ.

ಬೆಲೆಯ ಮಾತು ಬಿಡಿ, ಮಧ್ಯಾಹ್ನವಾಯಿತು.
ಮೊಟ್ಟೆ ಯಾರದು ಎನ್ನುವುದಕ್ಕೇ ಅರ್ಧ ಗಂಟೆ.

ಹತ್ತಿ ಕೂತರೆ ರಸ್ತೆಯೇ ಇಲ್ಲ!
ಗಾಜಿನ ತುಂಬ ಬರೀ ಆಕಾಶ, ಒಂದು ಕರೆಂಟು ತಂತಿ.
ಗಂಗುಲಪ್ಪ ಮತ್ತೆ ನಗುವ ಮೊದಲು
ಚೀಲದಿಂದ ಸಿಂಬೆ ತೆಗೆದು ಸೀಟಿನ ಮೇಲಿಟ್ಟು ಕೂತೆ.
ಇಪ್ಪತ್ತು ವರ್ಷ ನೆತ್ತಿಯ ಮೇಲೆ ಮೆರೆದದ್ದು
ಈಗ ಕೆಳಗೆ.
ರಸ್ತೆ ಕಂಡಿತು. ಕೈವಾರದ ಕಡೆಯ ಬೆಟ್ಟವೂ ಕಂಡಿತು.

ಸಂಜೆ ಓಣಿಯಲ್ಲಿ ಹಿಂದೆ ಹಿಂದೆ ಬರುತ್ತಿದ್ದೇನೆ.
ಹುಡುಗರು ಆಟೋ ಬಡಿದು ಕೂಗುತ್ತಿದ್ದಾರೆ:
ಬಾ, ಬಾ, ಬಾ, ಹೋಲ್ಡಾನ್!
ಎಡಕ್ಕೆ ಎರಡು ಬೆರಳು, ಬಲಕ್ಕೆ ಒಂದೂವರೆ.
ಒಲೆಯ ಮುಂದೆ ಪಾಷಾ ಸಾಹೇಬರು ಕೈಕಟ್ಟಿ ನಿಂತು
ತಡವಾಯಿತು ಎನ್ನಲು ಬಾಯಿ ತೆರೆದವರು
ಬಾಗಿಲಿಲ್ಲದ ಕಡೆಯಿಂದ ಇಳಿದ ನನ್ನನ್ನು ನೋಡಿ,
‘ಡಿಎಲ್ ಐತಾ?’ ಅಂದರು.