ಐದೈದು ಅಕ್ಷರ

ಸ್ಟೀಮರಿನಿಂದ ಇಳಿದ, ಮಾರ್ಚಿಯ ಕೆಸರು ಹಿಮದಲ್ಲಿ.
ಹಿಂದೆ ಇಬ್ಬರು ಹಮಾಲರು, ಅವರ ನಡುವೆ ಒಂದು ಪೆಟ್ಟಿಗೆ,
ಹೆಣದಷ್ಟು ಭಾರ.
ಹೆಸರು ಕೆಸೆನಿಷ್. ಊರು ಬರ್ಲಿನ್.
ನಮ್ಮ ಓಲೆಸುಂಡಿನಲ್ಲಿ ಆಗ ಒಣಮೀನು ಬಿಟ್ಟು ಬೇರೆ ಮಾತಿಲ್ಲ:
ಬಂಡೆಗಳ ಮೇಲೆ ಸೀಳಿ ಹರವಿದ ಕಾಡ್ ಮೀನು,
ಕೋಟಿಗೂ ಹಾಸಿಗೆಗೂ ಪ್ರಾರ್ಥನೆಯ ಪುಸ್ತಕಕ್ಕೂ ಅದೇ ವಾಸನೆ.

ನಾನು ತಂತಿ ಕಚೇರಿಯ ರಾಗ್ನ್‌ಫ್ರಿಡ್.
ಪದ ಎಣಿಸುವುದು ನನ್ನ ಕಸುಬು.
ಲಿಸ್ಬನ್ನಿಗೆ ಪದಕ್ಕಿಷ್ಟು, ಹವಾನಕ್ಕೆ ಪದಕ್ಕಿಷ್ಟು;
ಬಾಯಿಗೆ ಬೀಗ, ಬೈಬಲ್ಲಿನ ಮೇಲೆ ಕೈಯಿಟ್ಟು ಹಾಕಿದ್ದು.

ಸ್ಕಾರ್ಬ್ಯೋ ಸಾಹುಕಾರರು ನನ್ನನ್ನೂ ಕರೆಸಿದರು.
ಪೆಟ್ಟಿಗೆ ತೆರೆದ. ಟೈಪ್‌ರೈಟರಿನಂಥ ಬೆರಳಚ್ಚು,
ಒಳಗೆ ಹಿತ್ತಾಳೆಯ ಹಲ್ಲಿನ ಚಕ್ರಗಳು,
ಅವುಗಳ ಹೊಟ್ಟೆಯಲ್ಲಿ ತಂತಿಯ ಕರುಳು.
‘ಎ’ ಒತ್ತಿದ, ‘ಕ್ಯೂ’ ಬಿತ್ತು.
ಮತ್ತದೇ ‘ಎ’, ಅದೇ ಬೆರಳು; ಈಗ ‘ಎಲ್’.
‘ನೂರು ಜನ ನೂರು ವರ್ಷ ಕೂತರೂ ಬಿಡಿಸಲಾರರು’ ಅಂದ,
ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ.

ಸಾಹುಕಾರರು ಕೋಶ ತೆಗೆದರು, ಎಣ್ಣೆ ಬೆರಳಿನ ಹಳೆಯ ಕೋಶ.
‘ಇಲ್ಲಿ ನೋಡಪ್ಪ. ಮಿರಾಂಡೋ.
ದರ ಬಿದ್ದಿದೆ, ವೀಗೋದಲ್ಲಿ ಹಡಗು ತಡೆದು ನಿಲ್ಲಿಸು ಅಂತ ಅರ್ಥ.
ಒಂದೇ ಪದದ ದುಡ್ಡು. ನಿನ್ನ ಯಂತ್ರದ್ದೆಷ್ಟು?’
ನನ್ನತ್ತ ತಿರುಗಿದರು.
ನಲವತ್ತು ಅಕ್ಷರ. ಐದಕ್ಕೊಂದು ಪದ. ‘ಎಂಟು’ ಅಂದೆ.
ಗುಮಾಸ್ತ ನಕ್ಕ. ಕೆಸೆನಿಷ್ ಕಾಲರಿನೊಳಗೆ ಬೆರಳು ಹಾಕಿದ.

‘ಅಲ್ಲದೆ, ನನ್ನ ಗುಟ್ಟು ಕದಿಯುವವರು ಯಾರು?
ಯಾರ ಉಗ್ರಾಣ ತುಂಬಿದೆ ಅಂತ ಗಾಳಿಯೇ ಹೇಳುತ್ತೆ ಈ ಊರಲ್ಲಿ.’
‘ಅವಳು’ ಅಂದ ಆತ, ಮೆಲ್ಲಗೆ, ನನ್ನ ಕಡೆ ನೋಡದೆ.
‘ನಿಮ್ಮ ಪ್ರತಿಯೊಂದು ಪದವೂ ಅವಳ ಬೆರಳು ದಾಟಿಯೇ ಹೋಗಬೇಕು.’

ಎಲ್ಲ ಕಣ್ಣೂ ನನ್ನ ಮೇಲೆ.
ನನಗೂ ಒಂದು ಕೋಶವಿತ್ತು ನಿಜ, ಯಾರೂ ಕೊಡದ್ದು.
ಮಿರಾಂಡೋ ಹೋದ ವಾರ ದೋಣಿಯವರ ಕೂಲಿ ತಡವಾಗುತ್ತಿತ್ತು;
ಮೂರು ಸಲ ನೋಡಿದರೆ ಸಾಕು, ಅರ್ಥ ತಾನಾಗಿ ಕೂರುತ್ತದೆ.
ಯಾರಿಗೂ ಹೇಳಿದವಳಲ್ಲ.
ಒಮ್ಮೆ ಮಾತ್ರ, ಅಪ್ಪ ಸ್ಕಾರ್ಬ್ಯೋಗೆ ಮೀನು ಸಾಲ ಕೊಡುತ್ತೇನೆ ಅಂದ ಸಂಜೆ,
ಆಲೂಗಡ್ಡೆ ಸುಲಿಯುವ ನನ್ನ ಚಾಕು ನಿಂತಿತು.
ಅಷ್ಟೇ. ಅಪ್ಪ ನೋಡಿದ. ಕೊಡಲಿಲ್ಲ.

ಯಂತ್ರ ಮಾರಾಟವಾಗಲಿಲ್ಲ.
(ಅಂಥ ಪೆಟ್ಟಿಗೆಗಳು ಆಮೇಲೆ ಕುಗ್ಗಿ, ಹಗುರಾಗಿ,
ಸಮವಸ್ತ್ರ ತೊಟ್ಟವರ ಜೊತೆ ನಮ್ಮ ಬಂದರಿಗೇ ಬಂದವು.
ಅದು ಬೇರೆ ಕತೆ. ಅವರು ಬೆಲೆ ಕೇಳುವವರಲ್ಲ.)

ಮುಚ್ಚುವ ಹೊತ್ತಿಗೆ ಕಚೇರಿಗೆ ಬಂದ, ಟೊಪ್ಪಿಯಲ್ಲಿ ಹಿಮ.
ಹೆಂಡತಿಗೆ ತಂತಿ. ಯಂತ್ರವಿಲ್ಲ, ಕೋಶವಿಲ್ಲ:
ಮಾರಲಿಲ್ಲ ಮುಂದೆ ತ್ರೋಂದ್‌ಹೈಮ್ ಮಗುವಿನ ಕೆಮ್ಮು ಹೇಗಿದೆ ತಿಳಿಸು.
‘ತಿಳಿಸು ಬೇಡ’ ಅಂದೆ, ‘ಹೇಗಿದೆ ಅಂದರೆ ಸಾಕು.’
ಒಂದು ಪದದ ದುಡ್ಡು ಉಳಿಯಿತು. ಟೊಪ್ಪಿ ತೆಗೆದು ವಂದಿಸಿದ.

ಉತ್ತರ ಬಂತು, ಬೆಳಿಗ್ಗೆ ಏಳಕ್ಕೆ. ಮೂರೇ ಪದ.
ಟಕ್ಕು ಟಕ್ಕಾಗಿ ಮೊದಲು ನನ್ನ ಕಿವಿಗೆ,
ಆಮೇಲೆ ಕಾಗದಕ್ಕೆ.
ಹುಡುಗನ ಕೈಗೆ ಕೊಡಲು ಮನಸ್ಸಾಗದೆ ನಾನೇ ಹೋದೆ,
ಹೋಟೆಲಿನ ಮೆಟ್ಟಿಲ ಮೇಲೆ ನಿಂತೆ.

ಕಾಗದ ತೆಗೆದುಕೊಂಡ. ಬಿಚ್ಚಲಿಲ್ಲ.
ನನ್ನ ಮುಖ ನೋಡಿದ,
ನೋಡುತ್ತಲೇ ನಿಂತ.

ಕೆಳಗೆ ಹಮಾಲರು ಕೂಗುತ್ತಿದ್ದರು:
ಪೆಟ್ಟಿಗೆ ಬಲು ಭಾರ, ಎರಡು ಕ್ರೋನ ಹೆಚ್ಚಿಗೆ ಬೇಕು.