ಹೂವಿನ ಗುರುತು

ಸ್ಯಾಂಪಲ್ ಬೀಜದ ಪುಟ್ಟ ಬಟ್ಟೆಚೀಲದಲ್ಲಿ
ಮೂರು ಸಾವಿರದ ಆರುನೂರ ನಲವತ್ತು ರೂಪಾಯಿ.
ಹತ್ತರ ನೋಟುಗಳಿಗೆಲ್ಲ ಕಾಫಿ ಹೊಟ್ಟಿನ ವಾಸನೆ.
ಲೆಕ್ಕ ಬರೆದವಳು ನಾನು, ತೂಕದ ಗುಮಾಸ್ತೆ,
ಹಾಗಾಗಿ ತರುವವಳೂ ನಾನೇ ಎಂದಾಯಿತು.

ಗೋಡೆ ಗಡಿಯಾರ ಬೇಡ ಅಂದಳು ರುಕಿಯಾ,
ಇನ್ನು ಯಾವ ಪಾಳಿಗೆ ಏಳಬೇಕು ಅವಳು?
ಸೀರೆಗೆ ಒಬ್ಬೊಬ್ಬರದು ಒಂದೊಂದು ಬಣ್ಣ.
ಕುಕ್ಕರ್ ಎಂದವಳನ್ನು ಎಲ್ಲರೂ ದುರುಗುಟ್ಟಿ ನೋಡಿದರು.
ಕ್ಯಾಮೆರಾ ಅಂದದ್ದು ಯಾರೋ, ಈಗ ನೆನಪಿಲ್ಲ.
ಎಸ್ತೇರಮ್ಮನೇ ಒಮ್ಮೆ ಬುತ್ತಿ ಬಿಚ್ಚುತ್ತಾ
ಆಡಿದ ಮಾತು ನಮ್ಮೊಳಗೆ ಬಿದ್ದಿತ್ತೇನೋ:
"ಮೂವತ್ತೊಂದು ವರ್ಷ ಈ ಬೆಲ್ಟಿನ ಮುಂದೆ
ಕಂಡದ್ದು ಕರಿಬೀಜ, ಹುಳ ತಿಂದದ್ದು, ಒಡಕಲು.
ಒಳ್ಳೆಯದು ಸುಮ್ಮನೆ ಹರಿದು ಹೋಯಿತಲ್ಲೇ,
ಒಂದರ ಮುಖವನ್ನೂ ನೋಡಲಿಲ್ಲ."

ಕುಶಾಲನಗರ. ಬಸ್ ಸ್ಟ್ಯಾಂಡಿನ ಹಿಂದೆ
ಮೊಯ್ದು ಅವರದು ಅರ್ಧ ವಾಚ್ ರಿಪೇರಿ, ಅರ್ಧ ಕ್ಯಾಮೆರಾ.
ಗಾಜಿನ ಕೆಳಗೆ ಸಾಲಾಗಿ ಮಲಗಿದ್ದವು
ಸೋಪಿನ ಡಬ್ಬಿಯಂಥವು, ಬೆಳ್ಳಿ, ಕೆಂಪು, ಗುಲಾಬಿ.
"ಇದು ಹತ್ತು ಮೆಗಾಪಿಕ್ಸೆಲ್, ಇದು ಹನ್ನೆರಡು."
ಎರಡು ಹೆಚ್ಚಾದರೆ ಏನಾಗುತ್ತದೆ?
"ಗೋಡೆಯಷ್ಟು ದೊಡ್ಡ ಪ್ರಿಂಟ್ ಹಾಕಿಸಬಹುದು."
ಅವಳ ಗೋಡೆಯೇ ಅಷ್ಟಿಲ್ಲ, ಎಂದೆ.

ನನ್ನ ಪ್ರಶ್ನೆಗಳೇ ಬೇರೆ.
ಗುಂಡಿ ದಪ್ಪವೇ? ತೋರುಬೆರಳ ತುದಿ ಮರಗಟ್ಟಿದೆ.
ಪರದೆ ಅಗಲವೇ? ಎಡಗಣ್ಣಿಗೆ ಪೊರೆ.
ಕೈ ನಡುಗಿದರೆ ಸಹಿಸಿಕೊಳ್ಳುತ್ತದೆಯೇ?
ಮೂರು ದಿನ ಕರೆಂಟಿಲ್ಲದಿದ್ದರೆ?

"ಅದಕ್ಕೇ ಇದು," ಹೊಟ್ಟೆ ಬಿಚ್ಚಿ ತೋರಿಸಿದರು,
"ಚಾರ್ಜರಿನ ಗೋಜಿಲ್ಲ, ಎರಡು ಎಎ ಹಾಕಿ, ಮುಗೀತು."
ಎಎ!
ನಗು ತಡೆಯಲಾಗಲಿಲ್ಲ ನನಗೆ.
ಜರಡಿಯ ಮೇಲೆ ಉಳಿಯುವ ದಪ್ಪಬೀಜದ ಹೆಸರದು,
ಹಡಗು ಹತ್ತುವಂಥದ್ದು,
ನಮ್ಮ ಲೋಟಕ್ಕೆ ಎಂದೂ ಇಳಿಯದ್ದು.
ಇಲ್ಲಿ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದಂತೆ,
ಜೋಡಿಗೆ ಇಪ್ಪತ್ತು ರೂಪಾಯಿ.

ಚೌಕಾಸಿಯಲ್ಲಿ ನೂರೈವತ್ತು ಇಳಿಯಿತು.
ಕಾರ್ಡಿಗೆ ಅದೇ ಹೋಯಿತು.
ಚೀಲ ಪುಕ್ಕಟೆ ಕೊಟ್ಟರು, ಬೇರೆ ಕಂಪನಿಯ ಹೆಸರಿನದು.
ಪರೀಕ್ಷೆಗೆಂದು ಒಂದು ತೆಗೆದೆ:
ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡ ಮೊಯ್ದು,
ಮೂಲೆಯಲ್ಲಿ ನನ್ನದೇ ಹೆಬ್ಬೆರಳು.
ಹೊರಡುವಾಗ ಏನೋ ಹೇಳಿದರು, ತಲೆಯಾಡಿಸಿದೆ,
ಚಿಲ್ಲರೆ ಎಣಿಸುತ್ತಿದ್ದೆ.

ಶನಿವಾರ ಬೆಲ್ಟ್ ನಿಂತ ಮೇಲೆ ಕೊಟ್ಟೆವು.
ಕಿವಿಯಲ್ಲಿ ಇನ್ನೂ ಅದರದೇ ಗುಂಯ್.
ಎಲ್ಲರೂ ತಲೆಬಟ್ಟೆ ಬಿಚ್ಚಿ, ಕೂದಲು ತೀಡಿ,
ಕುಳ್ಳಿಯರು ಮುಂದೆ, ಉದ್ದದವರು ಹಿಂದೆ ನಿಂತು
ಮುಖ ಸಿದ್ಧ ಮಾಡಿಕೊಂಡೆವು.
ಎಸ್ತೇರಮ್ಮ ನಮಗೆ ಬೆನ್ನು ಹಾಕಿ
ತನ್ನ ಬುಟ್ಟಿಗೆ ಕೈ ಇಳಿಸಿದಳು,
ಅಂದಿನ ಕಸರು ಒಂದು ಹಿಡಿ ಎತ್ತಿ
ಎಡ ಅಂಗೈ ಮೇಲೆ ಹರಡಿ,
ಮೂಗಿನ ಹತ್ತಿರ ಹಿಡಿದು ಒತ್ತಿಯೇಬಿಟ್ಟಳು.

ಬಂದದ್ದು ಮಂಜು.
ಅಂಗೈಯಂಥ ಒಂದು ಬಯಲು,
ಅದರ ಮೇಲೆ ಕಪ್ಪಗೆ ಏನೋ ಕವಿದಂತೆ.
ಮೊದಲನೆಯದೇ ಕೆಟ್ಟಿತು, ಅಳಿಸಿ
ಇನ್ನೊಂದು ತೆಗಿ, ಅಂದಳು ರುಕಿಯಾ.
ಬಲಗಣ್ಣಿಗೆ ಪರದೆ ತಿರುಗಿಸಿ ತಿರುಗಿಸಿ ನೋಡಿ
ಎಸ್ತೇರಮ್ಮ ಹೇಳಿದಳು:
"ಇರಲಿ ಬಿಡೇ. ಆರಿಸೋ ಕೆಲಸ ಮುಗೀತು."
ಆಮೇಲೆ ನಮ್ಮದೂ ತೆಗೆದಳು. ಎಲ್ಲರ ತಲೆ ಹಾರಿಹೋಗಿದೆ.

ಸುಂಟಿಕೊಪ್ಪದ ಬಸ್ಸಲ್ಲಿ ಕೂತಾಗ ಹೊಳೆಯಿತು
ಮೊಯ್ದು ಹೇಳಿದ್ದು: ತೀರಾ ಹತ್ತಿರದ್ದಕ್ಕೆ
ಹೂವಿನ ಗುರುತು ಒತ್ತಬೇಕು, ಮರೆಯಬೇಡಿ.
ಭಾನುವಾರ ಅವಳ ಮನೆಗೆ ಹೋಗಬೇಕು.
ಹೂವು ಎಲ್ಲಿದೆಯೆಂದು ಬೆರಳು ಹಿಡಿದು ತೋರಿಸಬೇಕು.
ಬರಿಗೈಯಲ್ಲಿ ಹೋಗುವುದು ಹೇಗೆ,
ಎರಡು ಎಎ ಒಯ್ಯುತ್ತೇನೆ.
ಸೆಲ್ಲು ಮಾತ್ರ.
ಇನ್ನೊಂದು ಎಎಗೆ ಗೇಟಿನಲ್ಲಿ ಚೀಲ ತಡಕುತ್ತಾರೆ.